ಆರು ಮಗ್ಗ, ಒಂದು ಕರ್ಸರ್

ಜೂನ್ 9, ಸೋಮವಾರ

ಬೆಳಿಗ್ಗೆಯಿಂದ ಮಾವಿನಕಾಯಿ ಅಂಚಿನ ಡಿಸೈನು. ಮೂರನೇ ಸಲ ತಿದ್ದುತ್ತಿರುವುದು. ಸ್ಕ್ರೀನಿನ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಬೇಕು. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪನ್ನು ಮಗ್ಗ ಶ್ರದ್ಧೆಯಿಂದ ನೇಯುತ್ತಾ ಹೋಗುತ್ತದೆ. ಕನ್ನಡ ಎಂ.ಎ. ಮಾಡಿದವಳು ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಸೀರೆಗೆ ಮಾವಿನಕಾಯಿ ಬಿಡಿಸುತ್ತೇನೆ ಅಂತ ಯಾರು ಅಂದುಕೊಂಡಿದ್ದರು... ನಾನಂತೂ ಅಲ್ಲ.

ಮಗ್ಗದ ಶೆಡ್ಡಿನಲ್ಲಿ ಇಲಿ ಮತ್ತೆ ರೇಷ್ಮೆ ಕಚ್ಚಿದೆ. ಇವರು ಇಲಿಬೋನು ತರುತ್ತೇನೆಂದು ಹೋದವರು ಬೆಕ್ಕು ತಂದರು. ಬೂದು ಬಣ್ಣ, ಹೆಣ್ಣು. ಬಾಲದ ತುದಿ ಮಾತ್ರ ಬಿಳಿ.

"ಇದೇನ್ರೀ?"

"ಆಂಟಿವೈರಸ್," ಅಂದರು. ನನ್ನಿಂದಲೇ ಕಲಿತ ಮಾತು.

ಅತ್ತೆ ಬಾಗಿಲಲ್ಲೇ ತಡೆದರು. "ಲೋ ರಾಜೇಂದ್ರ, ಇಲಿ ಹಿಡಿದ್ರೆ ಇರ್ಲಿ. ಹಿಡೀಲಿಲ್ವೋ, ದೊಡ್ಡಬೆಳವಂಗಲಕ್ಕೆ ಸಾಗಹಾಕು. ಅಪ್ಪಯ್ಯಣ್ಣನ ಕೊಟ್ಟಿಗೇಲಿ ಬಿದ್ದಿರ್ಲಿ." ಅಪ್ಪಯ್ಯಣ್ಣ ಅತ್ತೆಯ ತಮ್ಮ. ಈ ಮನೆಗೆ ಬೇಡವಾದದ್ದೆಲ್ಲ ಹೋಗಿ ಸೇರುವುದು ಅವನ ಕೊಟ್ಟಿಗೆಗೆ.

ಅಂದರೆ ಸದ್ಯಕ್ಕೆ ಟ್ರಯಲ್ ವರ್ಷನ್.

ಜೂನ್ 12

ಬೆಕ್ಕು ಇನ್‌ಸ್ಟಾಲ್ ಆಗುತ್ತಿದೆ. ಬಂದಾಗಿನಿಂದ ಬೀರುವಿನ ಕೆಳಗೇ. ಎಷ್ಟು ಪರ್ಸೆಂಟ್ ಮುಗಿಯಿತು ಅಂತ ತೋರಿಸುವ ಗೆರೆ ಇಲ್ಲ. ಮ್ಯಾನುಯಲ್ ಇಲ್ಲ. ಹೆಲ್ಪ್‌ಲೈನ್ ಎಂದರೆ ನಮ್ಮ ಮಗ್ಗ ಓಡಿಸುವ ಬೀರೇಶ್. ಅವನ ಮನೆ ತುಂಬ ಬೆಕ್ಕು.

"ಏನೂ ಮಾಡ್ಬೇಡಿ ಅಕ್ಕ. ನೀವು ಅದನ್ನ ಸಾಕ್ತಿದೀರ ಅಂದ್ಕೊಂಡಿದೀರಾ? ನಿಮ್ಮನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಅದು ನೋಡ್ತಾ ಐತೆ."

ಹಾಗಾದರೆ ಅಡ್ಮಿನ್ ನಾನಲ್ಲ.

ಜೂನ್ 17

ಹೆಸರಿಟ್ಟೆ. ಕರ್ಸರ್. ಸ್ಕ್ರೀನಿನಲ್ಲಿ ನಾನು ಎಲ್ಲಿ ನೋಡಬೇಕೋ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಬಿಳಿ ಬಾಲದ ತುದಿ ಮಿಣುಕುತ್ತಾ ಇರುತ್ತದೆ. ಇವತ್ತು ಕೀಬೋರ್ಡಿನ ಮೇಲೆ ಒಂದು ಸುತ್ತು ಹೋಗಿಬಂದು ಅರ್ಧ ಅಂಚಿನ ಮಾವಿನಕಾಯಿ ಉದುರಿಸಿತು. ಅನ್‌ಡೂ, ಅನ್‌ಡೂ, ಅನ್‌ಡೂ. ಡಿಸೈನಿಗೆ ಅನ್‌ಡೂ ಇದೆ, ಬೆಕ್ಕಿಗೆ ಇಲ್ಲ. ಕೆಳಗಿಳಿಸಿದಷ್ಟೂ ಅದೇ ಕಮಾಂಡ್ ಮತ್ತೆ.

ಮುಚ್ಚಿದ ಬಾಗಿಲು ಕಂಡರೆ ಲಾಗಿನ್ ಕೇಳುತ್ತದೆ. ತೆರೆದರೆ ಒಳಗೂ ಬರದೆ ಹೊರಗೂ ಹೋಗದೆ ಹೊಸ್ತಿಲ ಮೇಲೆ ನಿಂತು ಯೋಚಿಸುತ್ತದೆ. ಬಫರಿಂಗ್. ಉಳಿದ ಹೊತ್ತು ಸ್ಲೀಪ್ ಮೋಡ್. ಮೀನಿನ ತಲೆಯ ವಾಸನೆ ಬಂದರೆ ಮಾತ್ರ ತಕ್ಷಣ ಆನ್.

ಮೌಸ್ ಬಗ್ಗೆ ಜೋಕ್ ಬರೆಯುವುದಿಲ್ಲ. ಅದು ಎಲ್ಲರಿಗೂ ಹೊಳೆಯುತ್ತದೆ.

ಜೂನ್ 21

ಇಲಿ ಇವತ್ತು ಅದರ ಮುಂದೆಯೇ ಹಾದುಹೋಯಿತು. ಕರ್ಸರ್ ಒಂದು ಕಣ್ಣು ತೆರೆದು ಸ್ಕ್ಯಾನ್ ಮಾಡಿತು. ಅಪಾಯವೇನೂ ಕಂಡುಬಂದಿಲ್ಲ ಎಂಬಂತೆ ಮುಚ್ಚಿಕೊಂಡಿತು.

ಅತ್ತೆ ನೋಡಿಬಿಟ್ಟರು. "ನೋಡಿದ್ಯೇನೇ ಕವಿತಾ, ನಿನ್ನ ಬೆಕ್ಕಿನ ಪೌರುಷ?"

ತಂದವರು ಅವರ ಮಗ. ಇಲಿ ಹಿಡಿಯದ ದಿನದಿಂದ ಬೆಕ್ಕು ನನ್ನದು.

ಜೂನ್ 30

ಏನೂ ಬರೆದಿರಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಅದೇ ಒಂದು ಸುಖ.

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಆರು ಮಗ್ಗದ ಲಟಪಟ. ಉಪ್ಪು ಕಮ್ಮಿ ಎನ್ನುವುದನ್ನೂ ಕೂಗಿ ಹೇಳಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಇವರು ದಿನವಿಡೀ ನನ್ನ ಮೇಲೆ ರೇಗುತ್ತಿದ್ದಾರೆ ಅಂದುಕೊಂಡಿದ್ದೆ. ಕರೆಂಟು ಹೋದಾಗ ಗೊತ್ತಾಯಿತು, ಮೃದು ಮನುಷ್ಯ. ಈಗಲೂ ನಾವು ಗಂಡ ಹೆಂಡತಿ ನಿಜವಾಗಿ ಮಾತಾಡುವುದು ಕರೆಂಟು ಹೋದಾಗಲೇ. ನಾನು ಕವನ ಗಟ್ಟಿಯಾಗಿ ಓದಿಕೊಳ್ಳುವುದೂ ಆಗಲೇ.

ಕರ್ಸರ್‌ಗೆ ಈ ತಾಪತ್ರಯವಿಲ್ಲ. ತೊಡೆಯ ಮೇಲೆ ಕೂತು ಗುರುಗುಟ್ಟುತ್ತದೆ. ಮಗ್ಗದ ಸದ್ದಿನಲ್ಲಿ ಒಂದಿಷ್ಟೂ ಕೇಳಿಸುವುದಿಲ್ಲ, ಅಂಗೈಗೆ ಮಾತ್ರ ತಿಳಿಯುತ್ತದೆ. ವೈಬ್ರೇಟ್ ಮೋಡ್. ಈ ಮನೆಯಲ್ಲಿ ಕೂಗದೆ ನನಗೆ ಏನನ್ನಾದರೂ ಹೇಳುವ ಜೀವ ಇದೊಂದೇ.

ಜುಲೈ 10

ಆಗಬಾರದ್ದು ಆಯಿತು.

ವರಮಹಾಲಕ್ಷ್ಮಿ ಹಬ್ಬದ ಆರ್ಡರಿಗೆಂದು ನಿನ್ನೆಯಷ್ಟೇ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಏರಿಸಿದ್ದರು. ಕರೆಂಟು ಹೋಯಿತು, ಮಗ್ಗ ನಿಂತಿತು, ಎಲ್ಲರೂ ಟೀಗೆ ಬಂದರು. ಬಿಗಿಯಾಗಿ ಎಳೆದು ಕಟ್ಟಿದ ರೇಷ್ಮೆ ಎಳೆಗಳು ಕರ್ಸರ್‌ಗೆ ಹಾಸಿಗೆಯಂತೆ ಕಂಡಿರಬೇಕು. ಹತ್ತಿ ಮಲಗಿದೆ. ಮೈ ಮುರಿದಿದೆ. ಉಗುರು ಚಾಚಿದೆ. ನಾವು ಒಳಗೆ ಹೋದಾಗ ನಡುವೆ ಒಂದು ಮೊರದಗಲ ಎಳೆಗಳು ಕಿತ್ತು ನೇತಾಡುತ್ತಿದ್ದವು.

ಬೀರೇಶ್ ಕತ್ತಲಾಗುವವರೆಗೆ ಎಳೆಗೆ ಎಳೆ ಹುರಿಮಾಡಿ ಸೇರಿಸುತ್ತಾ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಅತ್ತೆ ಆಡಿದರು. "ಅಪ್ಪಯ್ಯಣ್ಣಂಗೆ ಫೋನ್ ಹಚ್ಚು."

ಜುಲೈ 11

ತೀರ್ಮಾನವಾಯಿತು. ಅತ್ತೆ ಆಷಾಢದಲ್ಲಿ ಏನನ್ನೂ ಹೊಸದಾಗಿ ತರುವವರೂ ಅಲ್ಲ, ಕಳಿಸುವವರೂ ಅಲ್ಲ. ಶ್ರಾವಣ ಹುಟ್ಟಿದ ಮೇಲೆ, 27ರ ಭಾನುವಾರ, ಅಪ್ಪಯ್ಯಣ್ಣ ಬಂದು ಒಯ್ಯುತ್ತಾನೆ.

"ಹಸು ಮಧ್ಯೆ ಹಾಲು ಕುಡ್ಕೊಂಡು ರಾಣಿ ಹಂಗಿರತ್ತೆ. ಅಳೋ ಅಂಥದ್ದೇನೂ ಇಲ್ಲ," ಅಂದರು ಅತ್ತೆ.

ನಾನೆಲ್ಲಿ ಅತ್ತಿದ್ದೆ? ಸ್ಕ್ರೀನ್ ನೋಡಿ ಕಣ್ಣು ಉರಿಯುತ್ತಿತ್ತು. ಇವರನ್ನು ನೋಡಿದೆ. ಅಮ್ಮನ ಮಾತಿಗೆ ಎದುರಾಡುವವರಲ್ಲ. ಹಾಳಾದ ಹಾಸು ಕಣ್ಣ ಮುಂದಿರುವಾಗ ನಾನಾದರೂ ಯಾವ ಬಾಯಲ್ಲಿ ಕೇಳಲಿ?

ಲೈಸೆನ್ಸ್ 27ರವರೆಗೆ.

ಜುಲೈ 22, ಮಂಗಳವಾರ, ಮಧ್ಯಾಹ್ನ

ಕರ್ಸರ್ ಬೆಳಿಗ್ಗೆಯಿಂದ ಕಾಣುತ್ತಿಲ್ಲ. ಬೀರು ಕೆಳಗೆ, ಅಟ್ಟ, ತಾರಸಿ, ಮಾನಿಟರ್ ಹಿಂದೆ. ಸರ್ಚ್ ರಿಸಲ್ಟ್ ಸೊನ್ನೆ.

ಅತ್ತೆಯನ್ನು ಕೇಳಿದೆ. "ನಾನೇನು ನುಂಗ್ಕೊಂಡ್ನಾ?"

ಶೆಡ್ಡಿಗೆ ಹೋಗಿ ಇವರ ಕಿವಿಯಲ್ಲಿ ಕೂಗಿದೆ, ಅಪ್ಪಯ್ಯಣ್ಣ ಮುಂಚೆಯೇ ಬಂದು ಒಯ್ದನಾ ಅಂತ. ಇಲ್ಲವೆಂದು ತಲೆಯಾಡಿಸಿದರು. ಮುಖವನ್ನೇ ನೋಡಿದೆ. ನಂಬಲಿಲ್ಲ. ನಾನು ಅಳುವುದನ್ನು ನೋಡಲಾರದೆ ಸದ್ದಿಲ್ಲದೆ ಕಳಿಸಿಬಿಟ್ಟಿದ್ದಾರೆ, ಅನ್ನಿಸಿತು. ಹಾಗೆ ಮಾಡುವ ಮನುಷ್ಯನೇ.

ಊಟ ಸೇರಲಿಲ್ಲ. ಕವನದ ಪುಸ್ತಕ ತೆಗೆದೆ. ಒಂದೇ ಸಾಲು ಮತ್ತೆ ಮತ್ತೆ. ನಾನೇ ಹ್ಯಾಂಗ್ ಆಗಿದ್ದೇನೆ.

ಅದೇ ದಿನ, ಸಂಜೆ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಮೂರು ಗಂಟೆ ಸುಮಾರಿಗೆ ಬೀರೇಶ್ ತುಂಡು ದಾರ ಹಾಕಲು ಮೂಲೆಗೆ ಹೋದವನು ಓಡಿ ಬಂದ. "ಅಣ್ಣಾ, ವೇಸ್ಟ್ ದಾರದ ಮೂಟೆ ಎಲ್ಲಿ?"

"ಬೆಳಿಗ್ಗೇನೇ ಬಾಯಿ ಕಟ್ಟಿ ಆದಿನಾರಾಯಣಪ್ಪಂಗೆ ಕೊಟ್ನಲ್ಲ."

"ಅಯ್ಯೋ ಅಣ್ಣಾ... ಅದು ಆ ಮೂಟೆ ಒಳಗೇ ಅಲ್ವಾ ಮಲಗ್ತಿದ್ದಿದ್ದು!"

ಇವರ ಮುಖ ಬಿಳಿಚಿಕೊಂಡಿತು. ದಾರದ ಮೂಟೆಯೊಳಗೆ ಕೈ ಹಾಕಿ ಯಾರು ನೋಡುತ್ತಾರೆ? ಬಾಯಿ ಕಟ್ಟುವಾಗ ಅದು ಕೂಗಿಕೊಂಡೇ ಇರುತ್ತದೆ. ಆರು ಮಗ್ಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಇವರು ಸುಳ್ಳು ಹೇಳಿರಲಿಲ್ಲ. ನಾನು ಅನುಮಾನಪಟ್ಟೆ.

ಓಡಿದೆವು. ಆದಿನಾರಾಯಣಪ್ಪ ಊರಿನ ಮಗ್ಗದ ಮನೆಗಳಿಂದೆಲ್ಲ ವೇಸ್ಟ್ ದಾರ ಕೊಳ್ಳುವವನು. ಅವನ ಗೋಡೌನ್ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ಸೂರಿನವರೆಗೆ ಮೂಟೆ. ಎಲ್ಲಾ ಒಂದೇ ಥರ.

"ಏನಪ್ಪಾ ರಾಜೇಂದ್ರ, ಇದ್ರಲ್ಲಿ ನಿನ್ನ ಮೂಟೆ ಯಾವ್ದು ಅಂತ ಹೇಳ್ಲಿ? ಒಂದೊಂದೇ ಬಿಚ್ತಾ ಕೂತ್ರೆ ನಾಳೆ ಆಗತ್ತೆ. ಲಾರಿ ಇನ್ನೇನು ಬಂತು."

ಮೂಟೆಗಳಿಗೆ ಕಿವಿ ಇಟ್ಟೆ. ಲಟಪಟ ಲಟಪಟ. ಗೋಡೌನಿನ ಎರಡೂ ಪಕ್ಕ ಮಗ್ಗದ ಮನೆ, ಎದುರಿಗೂ ಮಗ್ಗದ ಮನೆ. ಗೋಡೆಯೇ ಅದುರುತ್ತಿತ್ತು. ಬೆಕ್ಕಿರಲಿ, ಆನೆ ಘೀಳಿಟ್ಟರೂ ಕೇಳುತ್ತಿರಲಿಲ್ಲ.

ಆಗ ತಿರುಗಿ ನೋಡಿದರೆ ಅತ್ತೆ. ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿಯಲ್ಲೇ ನಮ್ಮ ಹಿಂದೆ ಬಂದಿದ್ದರು. ಒಂದು ಗಳಿಗೆ ಮೂಟೆಗಳನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬೀದಿಗಿಳಿದರು.

ಮಗ್ಗದ ಮನೆಯವರಿಗೆ ಕೈ ಮಾತು ಗೊತ್ತು. ಅತ್ತೆ ಒಂದೊಂದು ಬಾಗಿಲಲ್ಲೂ ನಿಂತು ಅಂಗೈ ಅಡ್ಡ ಹಿಡಿದು ಕೆಳಗೊತ್ತಿದರು: ನಿಲ್ಲಿಸಿ. ಹಬ್ಬದ ಆರ್ಡರ್ ತಲೆಯ ಮೇಲೆ ಕೂತಿರುವ ದಿನ. ಆದರೂ ಯಾರೂ ಯಾಕೆ ಅನ್ನಲಿಲ್ಲ. ಒಂದು ಮನೆ ನಿಂತಿತು. ಪಕ್ಕದ್ದು ನಿಂತಿತು. ಎದುರಿನದು. ಬೀದಿಯ ಕೊನೆಯವರೆಗೆ ಸದ್ದು ಇಳಿಯುತ್ತಾ ಹೋಯಿತು.

ಯಾಕೆ ಕೇಳಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಕರೆಂಟಿದ್ದೂ ಹಗಲು ಹೊತ್ತು ಬೀದಿಯ ಮಗ್ಗವೆಲ್ಲ ನಿಲ್ಲುವುದು ಯಾರಾದರೂ ತೀರಿಕೊಂಡಾಗ ಮಾತ್ರ.

ಎಲ್ಲರೂ ಹೊರಗೆ ಬಂದರು. ಎದುರಿನ ಮಗ್ಗದ ಮನೆಯ ಚಿಕ್ಕಬೀರಪ್ಪ ಆಗಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಮುಖ ಸಣ್ಣ ಮಾಡಿಕೊಂಡು ಅತ್ತೆಯ ಮುಂದೆ ನಿಂತಿದ್ದ. "ಯಾರು ಹೋಗ್ಬಿಟ್ರು ಅಕ್ಕಯ್ಯಮ್ಮ?"

"ಯಾರೂ ಹೋಗಿಲ್ಲ, ಬಾಯ್ಮುಚ್ಚು. ಬೆಕ್ಕು."

"ಬೆಕ್ಕಾ?"

"ಹ್ಞೂ ಕಣಪ್ಪಾ, ಬೆಕ್ಕು. ಅದು ಗೋಣೀಲಿ ಉಸಿರು ಕಟ್ಟಿ ಸತ್ರೆ ಪಾಪ ಕಳೆಯೋಕೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡ್ಬೇಕು. ನೀನು ಕೊಡ್ತೀಯಾ?"

ಯಾರೋ ನಗಲು ಹೋಗಿ ನಿಲ್ಲಿಸಿದರು. ಅಷ್ಟು ನಿಶ್ಶಬ್ದವಾಗಿತ್ತು. ಈ ಬೀದಿಯಲ್ಲಿ ಗುಬ್ಬಿ ಇವೆಯೆಂದು ನನಗೆ ಗೊತ್ತಿರಲಿಲ್ಲ. ಕೂಗುತ್ತಿದ್ದವು.

ಮೂಟೆಗಳಿಂದ ಏನೂ ಇಲ್ಲ. ನಾನು ಮತ್ತೆ ಒಂದೊಂದಕ್ಕೂ ಕಿವಿ ಇಡುತ್ತಾ ಹೋದೆ. ಅತ್ತೆಯೇ ಕರೆದರು. ಈವರೆಗೆ ಒಂದು ಸಲವೂ ಆ ಹೆಸರು ಹೇಳದವರು.

"ಕರ್ಸರೂ... ಏ ಕರ್ಸರು... ಬಾರೇ ನನ್ ತಾಯಿ."

ನಡುವಿನ ಸಾಲಿನಿಂದ, ತೀರಾ ಕೆಳಗಿನಿಂದ, ಸವೆದ ಬಾಗಿಲು ಕಿರ್‌ಗುಟ್ಟಿದಂತೆ ಒಂದು ಸದ್ದು.

ಇಡೀ ಬೀದಿ ಮೂಟೆ ಎಳೆಯಿತು. ಆದಿನಾರಾಯಣಪ್ಪನೂ ಎಳೆದ. ಬಾಯಿ ಬಿಚ್ಚಿದಾಗ ಹೊರಗೆ ಬಂದದ್ದು ಬೆಕ್ಕಲ್ಲ, ಹಸಿರು, ಕೆಂಪು, ಅರಿಶಿನ ದಾರದ ಒಂದು ಉಂಡೆ. ಅದಕ್ಕೆ ಎರಡು ಕಣ್ಣು.

"ಅಯ್ಯೋ, ನಾನು ಹಾರ ತರಾಕೆ ಆಳು ಕಳಿಸ್ಬಿಟ್ಟೆನಲ್ಲ," ಅಂದ ಚಿಕ್ಕಬೀರಪ್ಪ.

ಒಂದೊಂದೇ ಮನೆಯ ಮಗ್ಗ ಮತ್ತೆ ಶುರುವಾಯಿತು.

ಜುಲೈ 23

ರೀಬೂಟ್ ಆಗಿದೆ. ನೀರು ಕುಡಿಯಿತು, ಹಾಲು ಕುಡಿಯಿತು, ದಿನವಿಡೀ ಮಲಗಿತು. ಅಲ್ಲಲ್ಲಿ ದಾರ ಕತ್ತರಿಸುವಾಗ ರೋಮವೂ ಹೋಗಿದೆ. ಡಿಸ್‌ಪ್ಲೇ ಸ್ವಲ್ಪ ಹಾಳು, ಒಳಗಿನದು ಸರಿಯಿದೆ.

ಕರೆಂಟು ಹೋದಾಗ ಇವರಿಗೆ ಹೇಳಿದೆ, ನಿನ್ನೆ ನಿಮ್ಮನ್ನು ನಂಬಲಿಲ್ಲ ಅಂತ. "ಗೊತ್ತಾಯ್ತು ಬಿಡು," ಅಂದರು. ಆಮೇಲೆ ಮೆಲ್ಲಗೆ, "ನಾನೂ ಅಮ್ಮನ ಹತ್ರ ಒಂದ್ಸಲ ಕೇಳಿ ನೋಡ್ಬೋದಿತ್ತು."

ಕೇಳಿದರೋ ಇಲ್ಲವೋ ತಿಳಿಯದು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅಂದದ್ದು ಇಷ್ಟೇ: "ಭಾನುವಾರ ಅಪ್ಪಯ್ಯಣ್ಣ ಬರ್ತಾನೆ. ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕು."

ನಾನು ತಲೆಯಾಡಿಸಿದೆ.

ಜುಲೈ 27, ಭಾನುವಾರ, ಬೆಳಿಗ್ಗೆ

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಕಾಫಿಗೆ ಹಾಲಿಟ್ಟಿದ್ದೇನೆ. ಅಪ್ಪಯ್ಯಣ್ಣ ಬಂದಿದ್ದಾನೆ. ಕೈಯಲ್ಲಿ ಗಾಳಿಯಾಡಲು ತೂತು ಕೊರೆದ ರಟ್ಟಿನ ಪೆಟ್ಟಿಗೆ. ಪಾಪ, ಒಳಗೆ ಹಳೇ ಪಂಚೆ ಮಡಿಸಿ ಹಾಸಿ ತಂದಿದ್ದಾನೆ. ಇವರು ಶೆಡ್ಡಿನಿಂದ ಹೊರಗೇ ಬರುತ್ತಿಲ್ಲ. ನಾನೂ ಹೋಗುತ್ತಿಲ್ಲ. ಬಾಗಿಲ ಸಂದಿಯಿಂದ ನಡುಮನೆ ಪೂರ್ತಿ ಕಾಣುತ್ತದೆ.

ಅತ್ತೆ ಮಂಚದ ಮೇಲೆ ಕೂತಿದ್ದಾರೆ.

ಕರೆಂಟಿಲ್ಲ. ಎಲ್ಲಾ ಕೇಳುತ್ತಿದೆ.

"ಎಲ್ಲಕ್ಕಾ ಬೆಕ್ಕು? ಬಿಸಿಲೇರೋದ್ರೊಳಗೆ ಹೊರಟುಬಿಡ್ತೀನಿ."

"ಯಾವ ಬೆಕ್ಕೋ?"

"ನೀನೇ ಫೋನ್ ಮಾಡಿಸಿದ್ದಲ್ಲಕ್ಕ! ಹಾಸು ಕಿತ್ತಾಕಿದ ಬೆಕ್ಕು."

"ಹಾಸು ಯಾರು ಕಿತ್ತಾಕಿದ್ರು? ನಂಗೇನೂ ಗೊತ್ತಿಲ್ಲಪ್ಪ. ಕಾಫಿ ಕುಡಿ, ಊಟ ಮಾಡ್ಕೊಂಡು ಹೋಗು."

ಅಪ್ಪಯ್ಯಣ್ಣ ಅತ್ತೆಯ ಮಡಿಲನ್ನೇ ನೋಡುತ್ತಿದ್ದಾನೆ. ಅಲ್ಲಿಂದ ಒಂದು ಬಿಳಿ ಬಾಲದ ತುದಿ ಹೊರಗೆ ಚಾಚಿಕೊಂಡು ಆಡುತ್ತಿದೆ. ಅತ್ತೆ ಅವನ ಮುಖದಿಂದ ಕಣ್ಣು ತೆಗೆಯದೆ, ಸೆರಗನ್ನು ನಿಧಾನವಾಗಿ ಎಳೆದು ಅದರ ಮೇಲೆ... ಅಯ್ಯೋ, ಹಾಲು—