ಸದ್ದು ನಿಂತ ಚೈನು

ವಿಳಾಸ ಕೊಡದೆ ಹೋದ ಪಾಲುದಾರನೇ,

ನಮ್ಮ ಗ್ಯಾರೇಜಿನಲ್ಲಿ ಗಿರಾಕಿಯ ಮಾತು ನನ್ನ ಪಾಲು, ಎಂಜಿನ್ನಿನ ಮಾತು ನಿನ್ನ ಪಾಲು. ಈ ಬೆಳಿಗ್ಗೆ ನಿನ್ನ ಹಳೇ ಬೈಕಿನ ಎಂಜಿನ್ನಿನೊಳಗೆ ಕಟಕಟ ಎನ್ನುತ್ತಿದ್ದ ಕ್ಯಾಮ್ ಚೈನಿಗೆ ನಾನೇ ಕೈ ಹಾಕಿದೆ. ನಟ್ಟು ಸಡಿಲಿಸಿದರೆ ಸಾಕು, ಒಳಗಿನ ಸ್ಪ್ರಿಂಗೇ ಚೈನನ್ನು ಹದಕ್ಕೆ ತರುತ್ತದೆ ಎನ್ನುತ್ತಿದ್ದೆ ನೀನು. ಸುಮ್ಮನಿರುವುದು ನನ್ನ ಜಾಯಮಾನವೇ? ಚೈನು ಇನ್ನಷ್ಟು ಬಿಗಿಯಾಗುವಂತೆ ಸ್ಕ್ರೂಡ್ರೈವರಿನಿಂದ ಒತ್ತಿ ನಟ್ಟು ಬಿಗಿದೆ. ಕಟಕಟ ಪೂರ್ತಿ ನಿಂತಿತು.

“ಅಪ್ಪಾ, ನೀನು ಬಾಯಲ್ಲಷ್ಟೇ ಮೆಕ್ಯಾನಿಕ್ ಅಂದ್ಕೊಂಡಿದ್ದೆ!” ಎಂದು ನಕ್ಕು ಮಗಳು ಆ ಬೈಕನ್ನೇರಿ ಬೆಟ್ಟದ ದಾರಿ ಹಿಡಿದಳು.

ಅವಳು ಕಣ್ಮರೆಯಾದ ಮೇಲೆ ನಿನ್ನ ಮಾತು ನೆನಪಾಯಿತು. “ಸ್ವಲ್ಪ ಗೊಣಗೋ ಚೈನಿಗೆ ಹೆದರ್ಬೇಡ ಕಣೋ. ಪೂರ್ತಿ ಸುಮ್ಮನಾದ್ರೆ ಹೆದರು. ಅದು ಓಡ್ತಾ ಓಡ್ತಾನೇ ತುಂಡಾಗೋದು.”

ಅವಳ ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ.

ಹೋಗುವ ಮುಂಚೆ ನೀನೂ ಗೊಣಗುವುದನ್ನು ನಿಲ್ಲಿಸಿದ್ದೆ. ಗ್ಯಾರೇಜು ಹದಕ್ಕೆ ಬಂತು ಎಂದುಕೊಂಡಿದ್ದೆ ನಾನು.