ಮೊಂಡನ ಹಳೇ ಮನೆ ಸಿಕ್ಕಿತು

ಗುರುವಾರ, ಜೂನ್ ೧೯

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಮೊಂಡನ ಹಳೇ ಮನೆ ಸಿಕ್ಕಿತು!

ಅನಾಥ ನಾಯಿಗಳ ಕೇಂದ್ರದಿಂದ ಇವನನ್ನು ತಂದಾಗಿನಿಂದ ಇದೇ ಗೋಳು. ಎಷ್ಟು ಕೂಗಿದರೂ ತಿರುಗುವುದಿಲ್ಲ, ಅದಕ್ಕೇ ಮೊಂಡ ಅಂತ ಹೆಸರು. ಬಾಗಿಲ ಬೆಲ್ ಆದರೆ ಮಾತ್ರ ಬೊಗಳದೆ ಓಡಿ ಬಂದು ನನ್ನ ಬಟ್ಟೆ ಹಿಡಿದು ಎಳೆಯುತ್ತಾನೆ. ನಮ್ಮವರಂತೂ ಇದಕ್ಕೆ ಸ್ಕ್ರೂ ಸಡಿಲ ಅಂತ ತೀರ್ಪು ಕೊಟ್ಟಾಗಿತ್ತು.

ಇವತ್ತು ದಾರ ಕೊಳ್ಳಲು ಹೋದರೆ ಅಂಗಡಿಯವರು ಇವನನ್ನು ನೋಡಿ ಎದ್ದೇ ನಿಂತರು. "ಅರೇ, ಇದು ನಮ್ಮ ಟೈಲರಮ್ಮನ ನಾಯಿ! ಅವರು ಆಸ್ಪತ್ರೆ ಸೇರಿದಾಗ ತಪ್ಪಿಸಿಕೊಂಡಿತ್ತು. ಪಾಪ, ಅವರಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ. ಎಷ್ಟು ಹುಡುಕಿಸಿದ್ರು ಗೊತ್ತಾ!"

ಟೈಲರಮ್ಮ ಈಗ ಪಕ್ಕದ ಬೀದಿಯಲ್ಲಿ, ಮಗಳ ಮನೆಯಲ್ಲಿದ್ದಾರೆ. ದಾರಿಯುದ್ದಕ್ಕೂ ಒಂದೇ ಯೋಚನೆ. ವಾಪಸ್ ಕೇಳಿಬಿಟ್ಟರೆ?

ಕುರ್ಚಿಯಲ್ಲಿ ಕೂತಿದ್ದ ಆ ಅಜ್ಜಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರು, ಅಷ್ಟೇ. ಮೊಂಡ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿ ಅವರ ಮಡಿಲಲ್ಲಿ ತಲೆ ತುರುಕಿದ. ಅದೇ ಅವನ ಹೆಸರಂತೆ! ಬಾಯಲ್ಲಿ ಕರೆಯುವ ಹೆಸರು ಅವನಿಗೆ ಇರಲೇ ಇಲ್ಲ.

ಅಜ್ಜಿ ಕೈಯಲ್ಲಿ ಹೇಳಿದ್ದನ್ನು ಮಗಳು ಬಾಯಲ್ಲಿ ಹೇಳಿದಳು. "ಇವನ ಜೊತೆ ಓಡಾಡೋ ಶಕ್ತಿ ಈಗ ಇಲ್ವಂತೆ. ನಿಮ್ಮ ಹತ್ರಾನೇ ಇರಲಿ, ಭಾನುವಾರ ಮಾತ್ರ ಕರ್ಕೊಂಡು ಬರ್ಬೇಕಂತೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅಜ್ಜಿ ನನ್ನ ಬೆರಳು ಹಿಡಿದು ಹೆಸರು ಕಲಿಸಿದರು.

ಈಗ ನಮ್ಮವರು ಮಂಚದ ಮೇಲೆ ಕೂತು ಬೆರಳು ಆಡಿಸುತ್ತಲೇ ಇದ್ದಾರೆ. ಪ್ರತಿ ಸಲವೂ ಅವನು ಓಡಿ ಬರುತ್ತಾನೆ. ಲೈಟ್ ಆರಿಸೋಣವೆಂದರೆ, "ತಡಿಯೇ, ಕತ್ತಲಲ್ಲಿ ಅವನಿಗೆ ಕಾಣಲ್ಲ" ಅಂತಾರೆ.