ಹೊಳೆ ತಂದಿಟ್ಟ ಮಣ್ಣು

೨೩ ಆಗಸ್ಟ್, ಶನಿವಾರ

ಎರಡು ವಾರದಿಂದ ಎದೆಯಲ್ಲಿ ಕೂತಿದ್ದ ಭಯ ಇವತ್ತು ಇಳಿಯಿತು. ನಮ್ಮ ಕೇರಿಯ ಮಸಣ ಉಳಿದಿದೆ!

ಶಿವನಸಮುದ್ರಕ್ಕೆ ಮುಂಚೆ ಕಾವೇರಿ ತಿರುಗುವ ಕಡೆ ಇರುವ ಆ ಜಾಗವನ್ನು ಹೊಳೆ ಪ್ರತಿ ಮಳೆಗಾಲವೂ ಕೊರೆಯುತ್ತಿತ್ತು. ಹೋದ ವರ್ಷ ಅಜ್ಜಿಯ ಸಮಾಧಿಯೇ ಕೊಚ್ಚಿಹೋಯಿತು. ಮಂಗಳೂರಿನಲ್ಲಿ ಓದುವಾಗ, ಕಡಲಿನ ಸೆಳೆತ ಒಂದು ಕಡೆಯ ಮರಳು ಕಿತ್ತು ಇನ್ನೊಂದು ಕಡೆ ದಡ ಕಟ್ಟುವುದನ್ನು ನೋಡಿದ್ದೆ. ನೀರಿನ ಜೋರು ತಗ್ಗಿಸಿದರೆ ಅದು ಹೊತ್ತ ಮಣ್ಣನ್ನು ಇಳಿಸಲೇಬೇಕು. ಅದನ್ನೇ ನಂಬಿ ಬೇಸಿಗೆಯಲ್ಲಿ ಕೇರಿಯವರನ್ನೆಲ್ಲ ಕರೆದು, ದಡದಿಂದ ಹೊಳೆಯೊಳಕ್ಕೆ ಓರೆಯಾಗಿ ಬಿದಿರ ಗೂಟ ನೆಡಿಸಿ, ನಡುವೆ ಮುಳ್ಳುಕಂಟಿ ಹೆಣೆಸಿದ್ದೆ.

"ಒಳೆಗೇ ಬೇಲಿ ಆಕ್ತೀಯೇನವ್ವಾ?" ಎಂದು ಚಿಕ್ಕಪ್ಪ ಕೆಂಪಸಿದ್ದಯ್ಯ ನಕ್ಕಿದ್ದರು. ನಗುತ್ತಲೇ ಎಲ್ಲರಿಗಿಂತ ಹೆಚ್ಚು ಗೂಟ ಹೊಡೆದವರೂ ಅವರೇ.

ಅಣೆಕಟ್ಟೆಯಿಂದ ನೀರು ಬಿಟ್ಟಾಗ ಎಲ್ಲವೂ ಮುಳುಗಿತು. ಇವತ್ತು ನೀರು ಇಳಿದಿದೆ ಎಂದು ತಿಳಿದು ಓಡಿದೆವು. ಎರಡು ಸಾಲು ಗೂಟ ಕಿತ್ತುಹೋಗಿದ್ದವು. ಉಳಿದ ಸಾಲುಗಳ ನಡುವೆ ಮೊಣಕಾಲೆತ್ತರ ಹೊಸ ಮೆಕ್ಕಲು! ಮಾಯಮ್ಮತ್ತೆ ತಮ್ಮ ಗಂಡನ ಸಮಾಧಿ ತಡವಿ, "ಇಲ್ಲೇ ಅವ್ರೆ ಕಣಮ್ಮ, ಎಲ್ಲೂ ಓಗಿಲ್ಲ" ಎಂದು ಅಳುತ್ತಲೇ ನಕ್ಕರು. ಚಿಕ್ಕಪ್ಪ ಆ ಹೊಸ ಮಣ್ಣಿನ ಮೇಲೆ ನಿಂತು ಹೊಳೆಗೇ ಕೂಗಿದರು: "ಈಗ ತಕೊಂಡೋಗು ನೋಡಾನ!"

ನಾನೂ ಕೂಗಿದೆ. ಗಂಟಲು ಕಟ್ಟಿದೆ, ಸೋಮವಾರ ಕಾಲೇಜಿನಲ್ಲಿ ಪಾಠ ಹೇಗೆ ಮಾಡುತ್ತೇನೋ. ಮಾಡದಿದ್ದರೂ ಸರಿಯೇ! ಆ ಮಣ್ಣಿನಲ್ಲಿ ಬೇಗ ಹೊಂಗೆ ಸಸಿ ನೆಡಬೇಕು. ಬೇರು ಹಿಡಿದುಬಿಟ್ಟರೆ, ಆಮೇಲೆ ಹೊಳೆ ಎಷ್ಟೇ ಬಂದರೂ ನಮ್ಮವರು ಮಲಗಿರುವ ಈ ಮಣ್ಣು ಕದಲುವುದಿಲ್ಲ.